ಹೆಂಗಸರ ಬೋಗಿ ಹುಡುಕಿಕೊಂಡು ಹೋದ ಅತ್ತೆ

ನಿಲಾಯ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗುಲಾಬಿ ಬಣ್ಣ ಬಳಿದ ಒಂದಿಷ್ಟು ಜಾಗವಿದೆ. ಕ್ವಾಲಾಲಂಪುರಕ್ಕೆ ಹೋಗುವ ರೈಲಿನ ಹೆಂಗಸರ ಬೋಗಿ ಬಂದು ನಿಲ್ಲುವುದು ಅಲ್ಲಿಯೇ. ನಮ್ಮ ಅತ್ತೆ ಆ ಬಣ್ಣದ ಮೇಲೆ ಎರಡೂ ಪಾದ ಊರಿ ನಿಂತರೆಂದರೆ, ಅವರನ್ನು ಕಂಡೇ ರೈಲು ಬ್ರೇಕು ಹಾಕಿತೇನೋ ಅನ್ನಿಸುತ್ತದೆ. ಅಲ್ಲಿನ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ಗೆ ಹೂವು, ವೀಳ್ಯದೆಲೆ, ಒಳ್ಳೆ ಹುಣಸೆಹಣ್ಣು ತರಲು ಹೋಗುವ ದಿನಗಳಲ್ಲಿ ಇದು ತಪ್ಪದೆ ನಡೆಯುವ ದೃಶ್ಯ. ಕೈಚೀಲ ಹೊತ್ತುಕೊಂಡು ಪಕ್ಕದಲ್ಲಿ ನಿಂತ ಮಗನನ್ನು ಅವರು ರೈಲು ಕಾಣಿಸಿದ ಕೂಡಲೇ ಓಡಿಸುತ್ತಾರೆ.

"ನಿನ್ ಬೋಗಿಗೆ ನೀನು ಹೋಗಪ್ಪ ಮಂಜು. ಇಲ್ಲಿ ಹೆಂಗಸ್ರು ಕುಂತಿರ್ತಾರೆ."

ತಲೆ ಅರ್ಧ ನೆರೆತಿರುವ, ಸೈಬರ್‌ಜಯಾದ ಕಂಪ್ಯೂಟರ್ ಕಂಪನಿಯಲ್ಲಿ ಹತ್ತಾರು ಜನರಿಂದ ಕೆಲಸ ಮಾಡಿಸಿದ ನಮ್ಮವರು, ಬೈಸಿಕೊಂಡ ಹುಡುಗನ ಹಾಗೆ ಪ್ಲಾಟ್‌ಫಾರ್ಮಿನ ತುದಿಗೆ ನಡೆಯುತ್ತಾರೆ. ನಾವು ಮೂವರು, ಅತ್ತೆ, ನಾನು, ಮಗಳು ಇಂಚರ, ನಮ್ಮ ಬೋಗಿ ಹತ್ತುತ್ತೇವೆ. ಒಳಗೆ ಮಲಾಯ್ ಹೆಂಗಸರು, ತಮಿಳು ಹೆಂಗಸರು, ಕಾಲೇಜಿನ ಹುಡುಗಿಯರು. ಅತ್ತೆ ಎಲ್ಲರೊಡನೆಯೂ ಕನ್ನಡದಲ್ಲಿ ಮಾತಾಡುತ್ತಾರೆ, ನಡುನಡುವೆ ಸಂತೆಯಲ್ಲಿ ಕಲಿತ ನಾಲ್ಕಾರು ಮಲಾಯ್ ಮಾತು ಉದುರಿಸುತ್ತಾರೆ. ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಇಳಿಯುವಾಗ ಯಾರಾದರೊಬ್ಬರು ಅವರ ಚೀಲವನ್ನು ಬಾಗಿಲ ತನಕ ತಂದುಕೊಡುತ್ತಾರೆ.

ಈ ಬೋಗಿಯ ಮೇಲಿನ ನಂಬಿಕೆ ನನಗೆ ಹೊಸದಲ್ಲ. ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಸರ್ಕಾರಿ ಬಸ್ಸಿನ ಮುಂದಿನ ಸೀಟುಗಳ ಮೇಲೆ 'ಮಹಿಳೆಯರಿಗೆ' ಎಂದು ಬರೆದಿರುತ್ತಿತ್ತಲ್ಲ, ಅದನ್ನು ನಮ್ಮ ದೊಡ್ಡಮ್ಮ ಸಂವಿಧಾನದ ಹಾಗೆ ಓದುತ್ತಿದ್ದರು. ಅಲ್ಲಿ ಕೂತ ಗಂಡಸು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದರೆ ಛತ್ರಿಯ ತುದಿಯಿಂದ ಅವನ ಮೊಣಕಾಲು ಮುಟ್ಟಿ, "ಅಣ್ಣಾ, ನಿನ್ನ ಊರು ಬಂತು," ಎನ್ನುತ್ತಿದ್ದರು. ಅವನು ಗಾಬರಿಯಿಂದ ಎದ್ದು ನಿಲ್ಲುವಷ್ಟರಲ್ಲಿ ದೊಡ್ಡಮ್ಮ ಕೂತಾಗಿರುತ್ತಿತ್ತು. ನಾನು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತಿದ್ದೆ. ಸೀಟು ಮಾತ್ರ ಬಿಡುತ್ತಿರಲಿಲ್ಲ.

ರೈಲಿನದು ಬೇರೆ ಪಾಠ. ಬೆಂಗಳೂರಿನಿಂದ ನಾವು ವಾಪಸಾಗುವ ರೈಲಿನ ಕೆಲವು ಬೋಗಿಗಳನ್ನು ಬೀರೂರಿನಲ್ಲಿ ಕಳಚಿ ನಮ್ಮ ದಿಕ್ಕಿಗೆ ತಿರುಗಿಸುತ್ತಿದ್ದರು, ಉಳಿದವು ಹುಬ್ಬಳ್ಳಿಗೆ. ಅಪ್ಪ ಹತ್ತುವಾಗಲೇ ಎಚ್ಚರಿಸುತ್ತಿದ್ದರು: "ಬೀರೂರು ದಾಟೋ ತನಕ ಯಾರೂ ಬೋಗಿ ಬಿಟ್ಟು ಅಲ್ಲಾಡಬಾರದು. ಆಮೇಲೆ ಹುಬ್ಬಳ್ಳೀಲಿ ನಿಂತ್ಕೊಂಡು ಅತ್ತರೆ ನಾನು ಬರಲ್ಲ." ಹುಬ್ಬಳ್ಳಿಯೆಂದರೆ ಅಳುವ ಮಕ್ಕಳು ತುಂಬಿರುವ ಊರು ಎಂದೇ ನಾನು ಬಹುಕಾಲ ತಿಳಿದಿದ್ದೆ. ಇಷ್ಟೆಲ್ಲ ತಿಳಿದವಳ ಕಣ್ಣೆದುರಿಗೇ ಇಂಗ್ಲೆಂಡಿನಲ್ಲಿ ಅದು ನಡೆಯಿತು.

ಇಂಗ್ಲೆಂಡಿಗೆ ಯಾಕೆ ಹೋದಿರಿ ಎಂದು ಕೇಳುತ್ತೀರಿ. ವಾಸಕ್ಕೊಂದು ದೇಶ ಹುಡುಕಲು ಹೋದೆವು. ಹೀಗೆ ಹೇಳಿದರೆ ಬಾಡಿಗೆ ಮನೆ ಹುಡುಕಿದಷ್ಟೇ ಹಗುರ ಅನ್ನಿಸುತ್ತದೆ, ಆದರೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ನಮ್ಮವರ ಕಂಪನಿ ಸೈಬರ್‌ಜಯಾದ ಕಚೇರಿಯನ್ನು ಮುಚ್ಚುವುದಾಗಿ ಹೇಳಿತು. ಮಲೇಷ್ಯಾದಲ್ಲಿ ಕೆಲಸ ಇದ್ದರೆ ಸರ್ಕಾರದ ಪಾಸು, ಪಾಸು ಇದ್ದರೆ ವಾಸ. ಇಂಚರ ಹುಟ್ಟುವ ಮೊದಲೇ ಬಂದವರು ನಾವು, ಆದರೂ ಪಾಸಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಊರಿಗೇ ಹೋಗಬಹುದಿತ್ತಲ್ಲ ಎಂದರೆ, ನಾವೂ ಹಾಗೇ ಅಂದುಕೊಂಡೆವು. ಬೆಂಗಳೂರಿನವರು ನಮ್ಮವರ ಅನುಭವವನ್ನು ಮೆಚ್ಚಿಕೊಂಡು, ಅವರ ಅರ್ಧ ವಯಸ್ಸಿನವರಿಗೆ ಕೆಲಸ ಕೊಟ್ಟರು. ಅಷ್ಟರಲ್ಲಿ ಲಂಡನ್ನಿನ ಒಂದು ಕಂಪನಿ ಕರೆಯಿತು. ವಾರಕ್ಕೊಮ್ಮೆ ಕಚೇರಿಗೆ ಬಂದರೆ ಸಾಕು, ಉಳಿದಂತೆ ನಿಮಗಿಷ್ಟವಾದ ಊರಿನಲ್ಲಿ ಇರಿ ಎಂದಿತು. ಸರಿ, ಊರು ನೋಡಿಕೊಂಡು ಬರೋಣವೆಂದು ಶಾಲೆಯ ರಜೆಯಲ್ಲಿ ನಾಲ್ವರೂ ಹೊರಟೆವು.

ನಾಲ್ವರು ಎಂದೆ. ಮಾವನವರು ಹೋದ ಮೇಲೆ ದಾವಣಗೆರೆಯ ಬಾಡಿಗೆ ಮನೆಯನ್ನು ಬಿಟ್ಟು ಅತ್ತೆ ನಮ್ಮಲ್ಲಿಗೆ ಬಂದವರು. ಅವರಿಗೆ ಒಬ್ಬಳು ಮಗಳಿದ್ದಾಳೆ, ನನ್ನ ನಾದಿನಿ ಗೌರಿ, ಅದೇ ಊರಿನಲ್ಲಿ. ಆದರೆ ಅತ್ತೆಯ ತವಲೆ, ಒಳಕಲ್ಲು, ದೇವರ ಜಗಲಿ ಎಲ್ಲ ಇರುವುದು ನಿಲಾಯ್‌ನಲ್ಲಿ. ಮಗ ಹೊಸ ದೇಶಕ್ಕೆ ಹೋಗುತ್ತಾನೆಂದರೆ ಜಗಲಿಯೂ ಹೋಗಬೇಕು, ಅದಕ್ಕೆ ತಕ್ಕ ಮನೆ ತಾವೇ ನೋಡಬೇಕು ಎಂಬುದು ಅವರ ಸರಳ ತೀರ್ಮಾನ.

ಹೀಗಾಗಿ ಇಂಗ್ಲೆಂಡನ್ನು ನಾವು ನೋಡಿದ್ದು ಅಡಿಗೆಮನೆಗಳ ಮೂಲಕ. ರೆಡಿಂಗ್‌ನಲ್ಲಿ, ಮಿಲ್ಟನ್ ಕೀನ್ಸ್‌ನಲ್ಲಿ, ಲೆಸ್ಟರ್‌ನಲ್ಲಿ, ಬಾಡಿಗೆಗಿದ್ದ ಮನೆಗಳ ಏಜೆಂಟರು ಬಾಗಿಲು ತೆರೆದ ಕೂಡಲೇ ಅತ್ತೆ ಸೀದಾ ಒಳಗೆ ಹೋಗಿ ಒಲೆಯ ಎದುರು ನಿಂತು, "ಪೂರ್ವ ಯಾವ ಕಡೆ?" ಎನ್ನುತ್ತಿದ್ದರು. ಆ ದೇಶದ ಆಕಾಶದಲ್ಲಿ ಸೂರ್ಯನನ್ನು ಕೇಳಿ ತಿಳಿಯುವ ಹಾಗಿರಲಿಲ್ಲ. ಇಂಚರ ಫೋನಿನಲ್ಲಿ ದಿಕ್ಕು ನೋಡಿ ಕೈ ತೋರಿಸುತ್ತಿದ್ದಳು. ಏಜೆಂಟರು ಹಿತ್ತಲ ಬಾಗಿಲು ತೆರೆದು ತೋಟ ದಕ್ಷಿಣಕ್ಕೆ ಮುಖ ಮಾಡಿದೆಯೆಂದು ಹೆಮ್ಮೆಯಿಂದ ಸಾರುವರು. ಅಲ್ಲಿ ಅದೇ ಭಾಗ್ಯವಂತೆ, ಬಿಸಿಲು ಬರುತ್ತದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅತ್ತೆಯ ಮುಖ ಬಾಡುತ್ತಿತ್ತು.

"ದಕ್ಷಿಣಕ್ಕಾ? ಪಾಪ, ಅದಕ್ಕೇ ಯಾರೂ ತಗೊಂಡಿಲ್ಲ ಅನ್ಸತ್ತೆ. ನೀನೇನ್ ಹೇಳ್ಬೇಡ ಶೈಲಾ, ಹುಡುಗ ನೊಂದ್ಕೊಂಡಾನು."

ಮಿಲ್ಟನ್ ಕೀನ್ಸ್ ನಮ್ಮವರಿಗೆ ಬಹಳ ಹಿಡಿಸಿತು. ಎಲ್ಲಿ ನೋಡಿದರೂ ವೃತ್ತಗಳು, ಗಾಜಿನ ಕಟ್ಟಡಗಳು, ನಡೆಯುವವರಿಲ್ಲದ ರಸ್ತೆಗಳು. ಸೈಬರ್‌ಜಯಾಕ್ಕೆ ಸ್ವೆಟರ್ ತೊಡಿಸಿದ ಹಾಗಿತ್ತು. ಇಷ್ಟು ದೂರ ಬಂದು ಮನುಷ್ಯ ತನ್ನ ಆಫೀಸು ದಾರಿಯನ್ನೇ ಹುಡುಕುತ್ತಾನಲ್ಲ ಎಂದು ನಾನು ನಕ್ಕೆ. ಆಮೇಲೆ ಲೆಸ್ಟರ್‌ನ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಮೂಸುತ್ತ ನಿಂತವಳು ನಾನೇ.

ಅದೇ ಲೆಸ್ಟರ್‌ನಲ್ಲಿ ನಾವಿಬ್ಬರೂ ಒಬ್ಬ ವಕೀಲೆಯನ್ನು ಕಂಡೆವು. ಅತ್ತೆ, ಇಂಚರ ಹೊರಗಿನ ಕೋಣೆಯಲ್ಲಿದ್ದರು. ಗುಜರಾತಿ ಮನೆತನದ ಆಕೆ ಸುತ್ತುಬಳಸು ಮಾತಾಡಲಿಲ್ಲ. ಗಂಡ, ಹೆಂಡತಿ, ಮಗಳು ಬರಬಹುದು. ತಾಯಿ ನಿಮ್ಮ ಜೊತೆ ತಿರುಗಾಡಿ ಹೋಗಬಹುದು, ವಾಸಕ್ಕೆ ಬರುವುದು ಮಾತ್ರ ಆಗದ ಮಾತೆಂದೇ ತಿಳಿಯಿರಿ ಎಂದರು. ಮಲೇಷ್ಯಾದಲ್ಲಿ ಮಗನ ಪಾಸಿಗೆ ತಾಯಿಯ ಪಾಸೂ ಅಂಟಿಕೊಂಡು ಬಂದಿತ್ತು. ಎಲ್ಲ ದೇಶಗಳಲ್ಲೂ ತಾಯಿ ಹಾಗೇ ಬರುತ್ತಾಳೆಂದು ನಾವು ಅಂದುಕೊಂಡಿದ್ದೆವು. ಹೊರಗೆ ಬಂದಾಗ ಅತ್ತೆ ಕೇಳಿದರು, "ಏನಂದ್ಲವ್ವಾ ವಕೀಲಮ್ಮ?" ನಮ್ಮವರು, "ನೋಡೋಣ ಅಂದ್ರು," ಎಂದರು. ಇಂಚರ ಅಪ್ಪನ ಮುಖವನ್ನು ನೋಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ತೆಳು ಗೋಡೆಯ ಆಚೆ ಕೂತಿದ್ದವಳಿಗೆ ಆ ದಿನ ವಕೀಲೆಯ ಇಂಗ್ಲಿಷೂ ಅಪ್ಪನ ಕನ್ನಡವೂ ಎರಡೂ ಕೇಳಿಸಿತ್ತೆಂದು ನನಗೆ ಗೊತ್ತಾಯಿತು.

ನೋಡಲು ಆಗಲೇ ಗೊತ್ತುಮಾಡಿದ್ದ ಒಂದು ಮನೆ ಕ್ಯಾಂಟರ್‌ಬರಿಯಲ್ಲಿ ಉಳಿದಿತ್ತು. ನೋಡದೆ ಬಿಟ್ಟರೆ ಅತ್ತೆ ಯಾಕೆಂದು ಕೇಳುತ್ತಾರೆ. ಕಾರಣ ಹೇಳುವ ಧೈರ್ಯವಿಲ್ಲದೆ ಲಂಡನ್ನಿನಿಂದ ರೈಲು ಹತ್ತಿದೆವು.

"ಹೆಂಗಸರ ಬೋಗಿ ಯಾವುದು?" ಎಂದರು ಅತ್ತೆ, ಹತ್ತುವಾಗ.

"ಇಲ್ಲಿ ಅಂಥದ್ದು ಇಲ್ಲ ಅತ್ತೆ."

"ಇಷ್ಟ್ ದೊಡ್ಡ ದೇಶ, ಹೆಂಗಸರಿಗೆ ಒಂದ್ ಬೋಗಿ ಇಲ್ವಾ? ನೀನು ಸರಿಯಾಗಿ ನೋಡಿಲ್ಲ."

"ಅಜ್ಜಿ, ಕ್ಯಾನ್ ಸಿಟ್ ಎನಿವೇರ್ ಲಾ!" ಎಂದಳು ಇಂಚರ. ಅಜ್ಜಿ ಕೂತರು. ಆದರೆ ಎದುರು ಸೀಟುಗಳಿಗೆ ಸಮುದ್ರಕ್ಕೆ ಹೊರಟ ನಾಲ್ಕಾರು ಹುಡುಗರು ಬಂದರು. ಬಿಯರಿನ ಡಬ್ಬಿಗಳು, ದೊಡ್ಡ ನಗು. ಕೆಟ್ಟವರೇನಲ್ಲ, ಅತ್ತೆಗೆ ಕಾಲು ಚಾಚಲು ಜಾಗ ಮಾಡಿಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, "ಬಚ್ಚಲಿಗೆ ಹೋಗಿ ಬರ್ತೀನಿ," ಎಂದು ಎದ್ದರು. ಬುತ್ತಿಯ ಚೀಲವನ್ನೂ ಕೈಯಲ್ಲಿ ಹಿಡಿದಿದ್ದರು. ನಾನದನ್ನು ನೋಡಿದೆ. ಬಚ್ಚಲಿಗೆ ಬುತ್ತಿ ಯಾಕೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಫ್ಯಾವರ್‌ಶಮ್ ಎಂಬ ಸಣ್ಣ ಊರಿನಲ್ಲಿ ರೈಲು ನಿಂತಿತು. ಮೇಲಿನಿಂದ ಒಂದು ಧ್ವನಿ ಮುಂದಿನ ಬೋಗಿಗಳು ಒಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ ಎನ್ನುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿರಬೇಕು. ನನಗೆ ಕೇಳಿಸಿದ್ದು ಆಗಲೇ. ಬೀರೂರು ನೆನಪಾಯಿತು. ಎದ್ದು ಬಾಗಿಲಿಗೆ ಬಂದು ಕೆಳಗಿಳಿದೆ. ಕಬ್ಬಿಣದ ಒಂದು ಸದ್ದಾಯಿತು, ಅಷ್ಟೇನೂ ಜೋರಿಲ್ಲ, ಪಾತ್ರೆಯ ಮುಚ್ಚಳ ತೆಗೆದ ಹಾಗೆ. ನಮ್ಮ ರೈಲು ನಿಂತೇ ಇತ್ತು. ನಮ್ಮ ರೈಲಿನ ಮುಂದಿನ ಅರ್ಧ ಹೊರಟಿತು.

ನಾನು ಇದನ್ನು ಕಂಡ ಹಾಗೆಯೇ ಹೇಳಬೇಕು. ಪ್ಲಾಟ್‌ಫಾರ್ಮ್ ಅಲ್ಲಿ ಕೊಂಚ ಬಾಗಿದ್ದರಿಂದ ಹೊರಟ ಬೋಗಿಗಳ ಕಿಟಕಿಗಳು ನನ್ನ ಕಡೆ ತಿರುಗಿದವು. ಒಂದು ಕಿಟಕಿಯಲ್ಲಿ ಬೂದು ಸ್ವೆಟರಿನ ಬೆನ್ನು, ಅದರ ಮೇಲೆ ಬಿಳಿಯ ಸಣ್ಣ ತುರುಬು. ಬೆನ್ನು ನನ್ನ ಕಡೆಗಿತ್ತು, ಎದುರಿನ ಯಾರೊಡನೆಯೋ ತಲೆ ಆಡಿಸುತ್ತ ಮಾತಾಡುತ್ತಿದ್ದರು. ನನ್ನ ಹಿಂದಿನಿಂದ ಇಳಿದ ನಮ್ಮವರು, "ಅವ್ವಾ! ಅವ್ವಾ!" ಎನ್ನುತ್ತ ಓಡಿದರು. ಓಡುತ್ತ ಅವರು ಬಡಿದದ್ದು ಬೇರೊಂದು ಬೋಗಿಯ ಗಾಜನ್ನು. ಒಳಗಿದ್ದವನೊಬ್ಬ ಪಾಪ, ಕೈ ಬೀಸಿದ. ರೈಲು ಹೋಯಿತು. ಅತ್ತೆಯ ಫೋನು ನನ್ನ ಚೀಲದಲ್ಲಿತ್ತು.

ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಸ್ಟೇಷನ್ನಿನ ಹೆಂಗಸೊಬ್ಬಳು ಬಂದು ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ರೇಡಿಯೋ ಕೈಯಲ್ಲಿ ಹಿಡಿದು ನಿಧಾನವಾಗಿ ಕೇಳಿದಳು: "ಹೇಗಿದ್ದಾರೆ ನೋಡಲು? ಏನು ಉಟ್ಟಿದ್ದಾರೆ?"

ನಮ್ಮವರು, "ಸೀರೆ... ಸೀರೆ," ಎಂದು ನಿಂತುಬಿಟ್ಟರು. ನಾನು ಹೇಳತೊಡಗಿದೆ. ಸಾಸಿವೆ ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು. ಬೂದು ಸ್ವೆಟರ್, ಮೇಲಿನ ಗುಂಡಿ ಹಾಕಿರುವುದಿಲ್ಲ, ಕತ್ತು ಬಿಗಿಯುತ್ತದೆ ಅವರಿಗೆ. ಮಾವನವರು ಹೋದ ಮೇಲೂ ತೆಗೆಯದ ಹಸಿರು ಗಾಜಿನ ಬಳೆ. ಎರಡೂ ಕಡೆ ಮೂಗುಬೊಟ್ಟು. ಮೊಮ್ಮಗಳ ಹಳೆಯ ಬೂಟು, ಬಲಗಾಲಿನ ಲೇಸು ಸಡಿಲ. ಕೂತಲ್ಲಿಂದ ಏಳುವಾಗ ಎಡಗೈಯನ್ನು ಮೊಣಕಾಲಿನ ಮೇಲೆ ಊರುತ್ತಾರೆ. ಇನ್ನೂ ಹೇಳುತ್ತಿದ್ದೆನೇನೋ, ಅವಳು, "ಸಾಕು ಕಣಮ್ಮಾ, ನೀನು ಹೇಳಿದ್ದರಲ್ಲೇ ಅವರು ನನ್ನ ಕಣ್ಣ ಮುಂದೆ ಬಂದರು," ಎಂದಳು. ಒಂದೇ ಸೂರಿನಡಿ ಬದುಕಿ, ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದವಳು ನಾನು. ನನಗೆ ಅತ್ತೆ ಬಾಯಿಪಾಠವಾಗಿದ್ದಾರೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ರೇಡಿಯೋ ಗೊರಗುಟ್ಟಿತು. ಹೆಂಗಸು ಕೇಳಿಸಿಕೊಂಡು ನಕ್ಕಳು. "ಮುಂದಿನ ಊರಿನ ಸ್ಟೇಷನ್ನಿನ ಬೆಂಚಿನ ಮೇಲಿದ್ದಾರಂತೆ. ಒಬ್ಬರೇ ಅಲ್ಲ. ಏನೋ ತಿನ್ನುತ್ತಿದ್ದಾರಂತೆ." ಇಂಚರ ಅಪ್ಪನ ತೋಳಿಗೆ ಮುಖ ಒತ್ತಿ ಅತ್ತಳು. ಮುಂದಿನ ರೈಲಿಗೆ ನಮ್ಮನ್ನು ಆ ಹೆಂಗಸೇ ಹತ್ತಿಸಿ, ಈ ಬೋಗಿ ಬಿಟ್ಟು ಏಳಬೇಡಿ ಎಂದಳು. ಬೀರೂರಿನ ದಾರಿಯಲ್ಲಿ ನನ್ನ ಅಪ್ಪ ಹೇಳುತ್ತಿದ್ದಂತೆಯೇ.

ವಿಟ್‌ಸ್ಟಬಲ್ ಎಂಬುದು ಆ ಊರಿನ ಹೆಸರು. ಗಾಳಿಯಲ್ಲಿ ಸಮುದ್ರದ ವಾಸನೆಯಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ನೀಲಿ ಕೋಟಿನ ಒಬ್ಬ ವಯಸ್ಸಾದ ಹೆಂಗಸು. ನಡುವೆ ಬುತ್ತಿ ಬಿಚ್ಚಿತ್ತು. ಆಕೆಯ ಕೈಯಲ್ಲಿ ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಸುರುಳಿ, ಮೂಗು ಕೆಂಪಗಾಗಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ತಿನ್ನುತ್ತಿದ್ದರು.

"ಯಾಕವ್ವಾ ಇಷ್ಟು ತಡ?" ಎಂದರು ಅತ್ತೆ. "ಈಯಮ್ಮ ಪಾಪ, ನನ್ನ ಇಲ್ಲಿ ಇಳಿಸಿ, ತನ್ನ ರೈಲು ಬಿಟ್ಕೊಂಡು ನನ್ ಜೊತೆ ಕುಂತಾಳೆ. ತಂಗಿ ಮನೇಲಿ ಊಟಕ್ಕೆ ಕಾಯ್ತಾರಂತೆ."

"ಅದೆಲ್ಲ ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

"ಹೇಳಿದ್ಲಲ್ಲ."

ನಮ್ಮವರು ಕೇಳಿದರು: "ಅವ್ವಾ, ಆ ಕಡೆ ಹೋಗು ಅಂತ ನಿಂಗೆ ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕು? ನಿಲಾಯ್ ರೈಲಲ್ಲಿ ಹೆಂಗಸರ ಬೋಗಿ ನಡುವೆ ಇರಲ್ವೇನು? ನಡುವೆ ನೋಡ್ದೆ, ಇರ್ಲಿಲ್ಲ. ಇನ್ನೂ ಮುಂದಕ್ಕೆ ಹೋದೆ. ಅಲ್ಲೊಂದ್ರಾಗೆ ಈಯಮ್ಮ ಇದ್ಲು, ಕೂಸಿನ ಗಾಡಿ ಇಟ್ಕೊಂಡು ಇನ್ನೊಬ್ಳು ಇದ್ಲು. ಇದೇ ಇರ್ಬೇಕು ಅಂತ ಕುಂತೆ. ಶೈಲಾ ಇಲ್ಲ ಅಂತಾಳೆ. ಐತೆ, ಬೋರ್ಡ್ ಹಾಕಿಲ್ಲ ಅಷ್ಟೆ."

ಜೋನ್ ಎಂಬುದು ಆಕೆಯ ಹೆಸರು. ಮಾರ್ಗೇಟಿನ ತಂಗಿಗೆ ಫೋನು ಮಾಡಿ ಊಟವನ್ನು ಮುಂದಕ್ಕೆ ಹಾಕಿದ್ದರು. ಅಷ್ಟಕ್ಕೇ ಬಿಡಲು ನಮಗೆ ಮನಸ್ಸಾಗದೆ ಸ್ಟೇಷನ್ನಿನ ಹತ್ತಿರದ ಒಂದು ಚಹದಂಗಡಿಗೆ ಕರೆದುಕೊಂಡು ಹೋದೆವು. ಜೋನ್ ಮೊದಲು ನೀರು ಕೇಳಿದರು, ಆಮೇಲೆ ಚಹ. ಪ್ರವಾಸಕ್ಕೆ ಬಂದಿದ್ದೀರಾ ಎಂದು ವಿಚಾರಿಸಿದರು. ಇಲ್ಲಿ ನೆಲೆಸಲು ಊರು ನೋಡುತ್ತಿದ್ದೇವೆ ಎಂದೆ ನಾನು. ಅವರ ಮುಖ ಅರಳಿತು. ಅತ್ತೆಯ ಕೈಯ ಮೇಲೆ ಕೈಯಿಟ್ಟು, ಇಲ್ಲಿಗೇ ಬನ್ನಿ, ನಿಮ್ಮ ತಾಯಿಗೆ ಈ ಊರು ಹಿಡಿಸುತ್ತದೆ, ನಾನೂ ಹತ್ತಿರದಲ್ಲೇ ಇದ್ದೇನೆ ಎಂದರು.

ಇಂಚರ ಬಟ್ಟಲಿನಿಂದ ಕಣ್ಣೆತ್ತದೆ, "ಶೀ ಕಾಂಟ್. ದೇ ಡೋಂಟ್ ಲೆಟ್ ಅಜ್ಜೀಸ್," ಎಂದಳು.

ಜೋನ್ ಕೈ ತೆಗೆಯಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. "ಏನಂತೆ ಶೈಲಾ?"

ಆ ಪ್ರವಾಸದುದ್ದಕ್ಕೂ ಇಂಗ್ಲೆಂಡನ್ನು ಅತ್ತೆಗೆ ಕನ್ನಡ ಮಾಡಿ ಹೇಳಿದವಳು ನಾನು. ದಕ್ಷಿಣದ ತೋಟವನ್ನು ಹೇಳಿದ್ದೆ, ಬಾಡಿಗೆಯ ಕರಾರನ್ನು ಹೇಳಿದ್ದೆ. ನಮ್ಮವರನ್ನು ನೋಡಿದೆ. ಅವರು ಬೇಡವೆನ್ನಲಿಲ್ಲ. "ಇಲ್ಲಿ ನಾವು ಮೂರು ಜನ ಇರಬಹುದಂತೆ ಅತ್ತೆ. ನೀವು ಬಂದು ನೋಡಿಕೊಂಡು ಹೋಗಬಹುದು. ಇರೋಕೆ ಬಿಡಲ್ವಂತೆ. ವಕೀಲರು ಹೇಳಿದ್ದು ಅದೇ."

ಅತ್ತೆ ಬಹಳ ಹೊತ್ತು ಚಹ ಕಲಕಿದರು. ಅವರು ಸಕ್ಕರೆ ಹಾಕಿಕೊಂಡಿರಲಿಲ್ಲ.

"ಹಂಗಾದ್ರೆ ಅಷ್ಟು ಮನೆಯಾಗೆ ನಾನ್ಯಾಕೆ ಪೂರ್ವ ಹುಡುಕ್ದೆ?" ಎಂದರು. ಆಮೇಲೆ ಮಗನಿಗೆ, "ನೀವ್ ಬಂದು ಇರ್ರಿ. ನಾನು ಗೌರಿ ಮನೆಗೆ ಹೋಗ್ತೀನಿ. ಅಳಿಯ ಒಳ್ಳೇವ್ನು, ಒಂದು ಕೋಣೆ ಐತೆ. ನನ್ ಸಲುವಾಗಿ ಬಂದ ಕೆಲಸ ಬಿಟ್ಟೀಯಾ ಮತ್ತೆ, ಹುಚ್ಚಪ್ಪನ ಹಂಗೆ."

ನಮ್ಮವರು ಮಾತಿನಲ್ಲಿ ಜಿಪುಣರು. ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತ ಹೇಳಿದರು: "ಆ ಗಾಡಿ ನಿನ್ನ ಕರ್ಕೊಂಡು ಹೋದ್ಮೇಲೆ, ನೀನು ಸಿಗೋ ತನಕ ನಾನು ಹೆಂಗಿದ್ದೆ ಅಂತ ಶೈಲಾನ ಕೇಳು ಅವ್ವಾ. ಜೀವನ ಪೂರ್ತಿ ಹಂಗಿರೋಕೆ ನನ್ ಕೈಲಾಗಲ್ಲ."

ಅತ್ತೆ ನನ್ನನ್ನು ಕೇಳಲಿಲ್ಲ. ಜೋನ್‌ಗೆ ಒಂದಕ್ಷರ ತಿಳಿದಿರಲಾರದು. ಅವರು ತಮ್ಮ ಚೀಲದಿಂದ ಕರವಸ್ತ್ರ ತೆಗೆದು ಮೇಜಿನ ನಡುವೆ, ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲೆಂಬಂತೆ ಇಟ್ಟರು. ತೆಗೆದುಕೊಂಡದ್ದು ನಮ್ಮವರು.

ಕ್ಯಾಂಟರ್‌ಬರಿಯ ಮನೆಯನ್ನು ನಾವು ನೋಡಲಿಲ್ಲ. ಲಂಡನ್ನಿನ ಕಂಪನಿಗೆ ನಮ್ಮವರು ಮರುದಿನವೇ ಆಗುವುದಿಲ್ಲವೆಂದು ತಿಳಿಸಿದರು. ನಿಲಾಯ್‌ಗೆ ಬಂದ ಮೇಲೆ ಸೈಬರ್‌ಜಯಾದ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಹಿಂದಿನ ಹುದ್ದೆಯಲ್ಲ, ಮೇಲಧಿಕಾರಿ ಇಂಚರಳ ಅಣ್ಣನಂತಿದ್ದಾನೆ, ಇವರನ್ನು "ಬಾಸ್" ಎಂದು ಕರೆದು ಕೆಲಸ ಹೇಳುತ್ತಾನಂತೆ. ಪಾಸು ಬಂತು, ಅದಕ್ಕಂಟಿಕೊಂಡು ಅತ್ತೆಯದೂ ಬಂತು. ಅದರ ಅವಧಿ ಮುಗಿದಾಗ ಏನು ಎಂದರೆ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಮೇಲೆ ನನಗೆ ಸಿಟ್ಟೂ ಇಲ್ಲ. ಒಂದು ದೇಶದ ಕಾನೂನು ಅತ್ತೆಗೆ ಜಾಗವಿಲ್ಲ ಎಂದಿತು. ಅದೇ ದೇಶದ ಹೆಂಗಸೊಬ್ಬಳು ಸೀಟಿನ ಮೇಲಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಅವರಿಗೆ ಜಾಗ ಕೊಟ್ಟಳಂತೆ. ಎರಡನ್ನೂ ಬಲ್ಲವಳು ನಾನು, ಎರಡನ್ನೂ ಹೇಳಬೇಕು.

ಆದರೆ ಇವು ಯಾವುವೂ ಇನ್ನೂ ಗೊತ್ತಿರದಿದ್ದ ಒಂದು ಬೆಳಗ್ಗೆ ನನ್ನ ಮನಸ್ಸಿನಲ್ಲಿ ಉಳಿದಿದೆ. ವಾಪಸು ಬಂದಿಳಿದ ಬೆಳಗ್ಗೆ ಅದು. ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಿದ್ದೆವು. ನಮ್ಮವರಿಗೆ ಆ ಹೊತ್ತಿಗೆ ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ, ಹಳೆಯ ಪಾಸು ಕೊನೆಗಾಣುತ್ತಿತ್ತು. ಅತ್ತೆ ನಮಗಿಂತ ಮುಂದೆ ಹೋಗಿ ಕಿಟಕಿಯೆದುರು ನಿಂತರು. ಒಳಗೆ ತಲೆವಸ್ತ್ರ ಸುತ್ತಿಕೊಂಡ ಮಲಾಯ್ ಹುಡುಗಿ. ಪುಟ ತಿರುವುತ್ತ ಕೇಳಿದಳು:

"ಮಕ್‌ಚಿಕ್, ಡಾರಿ ಮಾನಾ?" ಎಲ್ಲಿಂದ ಬಂದಿರಿ ಎಂದು. ಮಕ್‌ಚಿಕ್ ಎಂದರೆ ಇಲ್ಲಿ ಚಿಕ್ಕಮ್ಮ, ಅತ್ತೆ ಎಲ್ಲವೂ.

"ನಿಲಾಯ್," ಎಂದರು ಅತ್ತೆ.

ಹುಡುಗಿ ನಕ್ಕು, ಅದು ಮನೆಯಾಯಿತು, ಈಗ ಇಂಗ್ಲೆಂಡಿನಿಂದ ಬಂದಿರಲ್ಲ, ಅಲ್ಲಿಗೆ ಯಾಕೆ ಹೋಗಿದ್ದಿರಿ ಎಂದಳು. ನಮ್ಮವರು ಉತ್ತರ ಕೊಡಲು ಒಂದು ಹೆಜ್ಜೆ ಮುಂದಿಟ್ಟರು.

"ಜಾಲನ್-ಜಾಲನ್," ಎಂದರು ಅತ್ತೆ, ಬಲಗೈಯನ್ನು ಗಾಳಿಯಲ್ಲಿ ಆಡಿಸಿ. ಸುಮ್ಮನೆ, ತಿರುಗಾಡೋಕೆ.

ಹುಡುಗಿ ಪಾಸ್‌ಪೋರ್ಟನ್ನು ಬಲಗೈಯಲ್ಲಿ ಹಿಡಿದು ಚಾಚಿದಳು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟು, ಹಿಂದೆ ತಿರುಗಿ ನೋಡದೆ ಹೊರಟರು. ನಾಲ್ಕು ಹೆಜ್ಜೆ ಆಚೆಯಿಂದ ಅವರ ಸ್ವರ ಕೇಳಿಸಿತು: "ಹೋದ ಕೂಡ್ಲೇ ಅನ್ನಕ್ಕಿಡ್ಲೇನು ಮಂಜು, ಇಲ್ಲ ದಾರೀಲಿ ಅಂಗಡೀಲಿ ಏನಾರ ತಪಾವ್ ಕಟ್ಟಿಸ್ಕೊಳ್ತೀಯಾ?"

"ಅನ್ನಕ್ಕೇ ಇಡವ್ವಾ," ಎಂದರು ನಮ್ಮವರು.